ಗೂಢ ಪದಬಂಧ: ಕೆಳಗಿನ ಎಡಮೂಲೆ ಅಲುಗುತ್ತಿಲ್ಲ, 17 ಅಡ್ಡ ‘ಲ _ ರ _’ ಎಂದು ನಿಂತಿದೆ

ಖಾಲಿಚೌಕ:

ಎಲ್ಲರಿಗೂ ನಮಸ್ಕಾರ. ಗೂಢ ಸುಳಿವಿನ ಪದಬಂಧವೊಂದನ್ನು ಹಿಡಿದು ಕೂತಿದ್ದೇನೆ. ಮೇಲಿನ ಅರ್ಧ, ಬಲಭಾಗ ಎಲ್ಲ ತುಂಬಿದೆ. ಕೆಳಗಿನ ಎಡಮೂಲೆ ಮಾತ್ರ ಜಪ್ಪಯ್ಯ ಅಂದರೂ ಬಿಡುತ್ತಿಲ್ಲ. ಸುಳಿವುಗಳನ್ನು ಇದ್ದ ಹಾಗೇ ಕೊಡುತ್ತೇನೆ, ಆವರಣದಲ್ಲಿರುವುದು ಉತ್ತರದ ಚೌಕಗಳ ಸಂಖ್ಯೆ:

14 ಅಡ್ಡ: ರೀತಿಯಿಂದ ಹಾರ ಕಟ್ಟಿದರೆ ಸುತ್ತಮುತ್ತಲು (4)
17 ಅಡ್ಡ: ಹಾರ ಹೊತ್ತು ಕಾಡಿನಿಂದ ಹಿಂದಿರುಗಿದಾಗ ನಗು, ಅಳು ಎಲ್ಲವೂ (4)
20 ಅಡ್ಡ: ಮದನನ ಚೆಲ್ಲಾಟಕ್ಕೆ ಕಡಿವಾಣ (3)
14 ಕೆಳಕ್ಕೆ: ಪಂಚಮದ ಬೆನ್ನಿಗೆ ಕಾಡಿನ ಗಾಳಿ (3)
15 ಕೆಳಕ್ಕೆ: ಕೆಲಸ ಮರಳಿದರೂ ಒಳಗೊಳಗೇ ಕಾಳಗ (3)
18 ಕೆಳಕ್ಕೆ: ಮಾನಸ ಕಲಕಿದರೂ ಒಂದೇ ತೆರನಾದದ್ದು (3)
20 ಕೆಳಕ್ಕೆ: ಸಪ್ತಸ್ವರದ ಬಾಲದಲ್ಲಿ ಕೇಳುವುದು (2)

ಚೌಕಗಳು ಕೂಡುವುದು ಹೀಗೆ. 14 ಅಡ್ಡದ ಮೂರನೇ ಚೌಕದಿಂದ 15 ಕೆಳಗಿಳಿಯುತ್ತದೆ. 17 ಅಡ್ಡದ ಮೊದಲ ಚೌಕದಲ್ಲಿ 14 ಕೆಳಕ್ಕೆ ಮುಗಿಯುತ್ತದೆ, ಮೂರನೆಯದರಲ್ಲಿ 15 ಮುಗಿಯುತ್ತದೆ, ನಾಲ್ಕನೆಯದರಿಂದ 18 ಶುರು. 18ರ ಕೊನೆಯ ಚೌಕವೇ 20 ಅಡ್ಡದ ಕೊನೆಯ ಚೌಕ.

ಸದ್ಯಕ್ಕೆ ಬರೆದಿರುವುದು: 14 ಕೆಳಕ್ಕೆ ‘ಅನಿಲ’, 15 ಕೆಳಕ್ಕೆ ‘ಸಮರ’. ಆದ್ದರಿಂದ 14 ಅಡ್ಡ ‘ಅ _ ಸ _’. ಹಾರ ಅಂದರೆ ಸರ, ಹಾಗಾಗಿ ‘ಅವಸರ’ ಇರಬಹುದು, ಆದರೆ ಸುಳಿವಿಗೂ ಅದಕ್ಕೂ ಸಂಬಂಧ ಕಾಣುತ್ತಿಲ್ಲ. ಇನ್ನು 17 ಅಡ್ಡ ‘ಲ _ ರ _’. ನಿಘಂಟಿನ ಲಕಾರ ಪೂರ್ತಿ ಜಾಲಾಡಿದೆ, ನಗು ಅಳು ಎರಡೂ ಇರುವ ಪದ ಯಾವುದೂ ಇಲ್ಲ. ಪದಬಂಧದಲ್ಲೇ ಅಚ್ಚಿನ ತಪ್ಪಿದೆಯೇ?

ಹಳೇಪೆನ್ಸಿಲ್:

ಅಚ್ಚಿನ ತಪ್ಪೇನೂ ಇಲ್ಲ. ಉತ್ತರ ಹೇಳುವ ಮುಂಚೆ ಒಂದು ಪ್ರಶ್ನೆ. ‘ಸಮರ’ ಹೇಗೆ ಬಂತು ಅಂತ ವಿವರಿಸಬಲ್ಲಿರಾ? ಹಾಗೇ ‘ಅನಿಲ’ ಹೇಗೆ ಬಂತು?

ಖಾಲಿಚೌಕ:

‘ಸಮರ’ ಸುಲಭ. ‘ಕೆಲಸ ಮರಳಿದರೂ’ ಎಂಬುದರ ಒಳಗೇ ಇದೆ: ಕೆಲ-ಸ ಮರ-ಳಿದರೂ. ‘ಒಳಗೊಳಗೇ’ ಎಂಬುದು ಅಡಗಿದೆ ಎನ್ನುವ ಸೂಚನೆ, ‘ಕಾಳಗ’ ಅರ್ಥ. ‘ಅನಿಲ’ ಅಂದರೆ ಗಾಳಿ. ಪಂಚಮ ಎಂದದ್ದು ಪಂಚಭೂತಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇರಬೇಕು, ಗಾಳಿಯೂ ಅದರಲ್ಲಿ ಒಂದಲ್ಲವೇ?

ಹಳೇಪೆನ್ಸಿಲ್:

ಗಂಟು ಬಿದ್ದಿರುವುದು ಅಲ್ಲೇ. ‘ಸಮರ’ಕ್ಕೆ ನೀವು ಕೊಟ್ಟ ವಿವರಣೆಯಲ್ಲಿ ಸುಳಿವಿನ ಒಂದು ಪದವೂ ಉಳಿಯಲಿಲ್ಲ, ಎಲ್ಲಕ್ಕೂ ಕೆಲಸ ಸಿಕ್ಕಿತು. ‘ಅನಿಲ’ದಲ್ಲಿ ‘ಗಾಳಿ’ ಒಂದೇ ದುಡಿಯುತ್ತಿದೆ. ‘ಬೆನ್ನಿಗೆ’ ಏಕೆ ಬಂತು? ‘ಕಾಡಿನ’ ಏಕೆ ಬಂತು? ‘ಪಂಚಮ’ವನ್ನು ಪಂಚಭೂತಕ್ಕೆ ಎಳೆದು ತಂದಿರಿ, ಆದರೆ ಪಂಚಮ ಅಂದರೆ ಐದನೆಯದು, ಐದು ಅಲ್ಲ.

ಗೂಢ ಸುಳಿವಿನಲ್ಲಿ ಎರಡು ತುಂಡು. ಒಂದು ತುಂಡು ನೇರ ಅರ್ಥ, ಹೆಚ್ಚಾಗಿ ಮೊದಲಲ್ಲೋ ಕೊನೆಯಲ್ಲೋ ಇರುತ್ತದೆ. ಉಳಿದದ್ದು ಅದೇ ಪದವನ್ನು ಅಕ್ಷರಗಳಿಂದ ಕಟ್ಟುವ ಬಗೆ. ನೀವು ಅರ್ಥದ ತುಂಡನ್ನು ಮಾತ್ರ ನೋಡಿ ಸಾಮಾನ್ಯ ಪದಬಂಧದ ಹಾಗೆ ಸಮಾನಾರ್ಥಕ ಬರೆದಿರಿ. ಗಾಳಿಗೆ ಮೂರು ಚೌಕದ ಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ: ಅನಿಲ, ಪವನ, ಸಮೀರ, ಮಾರುತ. ಇವುಗಳಲ್ಲಿ ಯಾವುದು ಎಂದು ತೀರ್ಮಾನಿಸುವುದೇ ಉಳಿದ ತುಂಡಿನ ಕೆಲಸ.

ನಿಮ್ಮನ್ನು ದಾರಿ ತಪ್ಪಿಸಿದ್ದು ಇನ್ನೊಂದಿದೆ. ‘ಅವಸರ’ ಬರೆದಾಗ ಮೂರನೇ ಚೌಕದಲ್ಲಿ ‘ಸ’ ಬಂತು, ಕೆಳಗೆ ‘ಸಮರ’ ಸರಿಯಾಗಿ ಕೂತಿತು. ಅಡ್ಡ-ಕೆಳಕ್ಕೆ ಎರಡೂ ಹೊಂದಿದವು, ಸರಿಯೇ ಇರಬೇಕು ಅನ್ನಿಸಿತು. ಆದರೆ ‘ಸರ’ದಲ್ಲಿ ಕೊನೆಯಾಗುವ ಯಾವ ನಾಲ್ಕಕ್ಷರದ ಪದ ಬರೆದರೂ ಆ ಚೌಕದಲ್ಲಿ ‘ಸ’ ಬರಲೇಬೇಕು. ಆ ಹೊಂದಾಣಿಕೆಯಿಂದ ‘ಅ’ ಸರಿ ಅಂತ ಸಾಬೀತಾಗುವುದಿಲ್ಲ. ‘ಅನಿಲ’ ಅಳಿಸಿ ಮತ್ತೊಮ್ಮೆ ನೋಡಿ. ಪಂಚಮ ಎಂಬ ಪದವನ್ನು ಯಾರು ಹೆಚ್ಚು ಬಳಸುತ್ತಾರೆ?

ಶ್ರುತಿಪೆಟ್ಟಿಗೆ:

ನಾವು ಬಳಸುತ್ತೇವೆ! ತಡೆಯೋಕಾಗಲಿಲ್ಲ, ಕ್ಷಮಿಸಿ. ಸಂಗೀತದಲ್ಲಿ ಪಂಚಮ ಅಂದ್ರೆ ಐದನೇ ಸ್ವರ, ‘ಪ’. ಅದರ ಬೆನ್ನಿಗೆ ಕಾಡು, ಅಂದ್ರೆ ವನ. ಪ + ವನ = ಪವನ.

ಪದಬಂಧ ಕಟ್ಟುವವರಿಗೆ ಸ್ವರಗಳು ಅಂದ್ರೆ ಹಬ್ಬ. ಷಡ್ಜ, ಋಷಭ, ಗಾಂಧಾರ, ಮಧ್ಯಮ, ಪಂಚಮ, ಧೈವತ, ನಿಷಾದ, ಒಂದೊಂದಕ್ಕೂ ಒಂದೊಂದು ಅಕ್ಷರ. ‘ಗಾಂಧಾರ’ ಕಂಡಾಗ ಶಕುನಿ ನೆನಪಾಗ್ತಾನೆ, ‘ಮಧ್ಯಮ’ ಕಂಡಾಗ ಭೀಮ ನೆನಪಾಗ್ತಾನೆ, ಅವರಿಗೆ ಬೇಕಾಗಿರೋದು ಬರೀ ‘ಗ’ ಮತ್ತು ‘ಮ’. ‘ನಿಗಮ’ ಎಂಬ ಪದವಂತೂ ಪೂರ್ತಿ ಸ್ವರಗಳೇ. ಇದೊಂದು ಪಟ್ಟಿ ತಲೆಯಲ್ಲಿದ್ದರೆ ಕನ್ನಡದ ಗೂಢ ಸುಳಿವುಗಳಲ್ಲಿ ಎಷ್ಟೋ ಬಾಗಿಲು ತೆರೆಯುತ್ತೆ.

ಖಾಲಿಚೌಕ:

ಆಹಾ. ಹಾಗಾದರೆ 14 ಅಡ್ಡ ‘ಪ _ ಸ _’. ರೀತಿ ಅಂದರೆ ಪರಿ! ಪರಿ + ಸರ = ಪರಿಸರ, ಸುತ್ತಮುತ್ತಲು. ‘ರೀತಿಯಿಂದ’ ಎಂಬುದನ್ನು ‘ಕ್ರಮವಾಗಿ’ ಎಂದು ಓದುತ್ತಿದ್ದೆ, ಅದಕ್ಕೇ ಹೊಳೆಯಲಿಲ್ಲ.

17 ಅಡ್ಡ ಈಗ ‘ನ _ ರ _’. ಇನ್ನೂ ಹೊಳೆಯುತ್ತಿಲ್ಲ. 20 ಅಡ್ಡವೂ ಅಷ್ಟೇ: ‘ಮದನನ’ ಎಂಬಲ್ಲಿ ನಾಲ್ಕು ಅಕ್ಷರ, ಚೌಕ ಮೂರೇ. ಒಂದು ‘ನ’ ಎಲ್ಲಿ ಬಿಡಬೇಕು?

ಹಳೇಪೆನ್ಸಿಲ್:

20ರಿಂದಲೇ ಶುರು ಮಾಡೋಣ. ಹೊಸಬರು ಅತಿ ಹೆಚ್ಚು ಎಡವುವ ಜಾಗ ಇದು, ಕನ್ನಡಕ್ಕೇ ಅಂಟಿಕೊಂಡ ತೊಡಕು. ‘ಮದನನ’ ಎಂಬುದನ್ನು ಒಂದೇ ಪದ ಅಂತ ಓದಬೇಡಿ. ಮದನ ಬೇರೆ, ಷಷ್ಠಿಯ ಪ್ರತ್ಯಯ ಬೇರೆ. ಇಂಗ್ಲಿಷಿನ ಗೂಢ ಸುಳಿವಿನಲ್ಲಿ ‘ಒಳಗೆ’, ‘ಇಂದ’ ಎಂಬಂಥವು ಹೆಚ್ಚಾಗಿ ಬಿಡಿ ಪದಗಳು, ಎಲ್ಲಿ ಕತ್ತರಿಸಬೇಕೆಂದು ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಅವು ಪ್ರತ್ಯಯವಾಗಿ ಪದಕ್ಕೆ ಮೆತ್ತಿಕೊಂಡಿರುತ್ತವೆ, ಮೇಲೆ ಸಂಧಿಯೂ ಆಗಿರುತ್ತದೆ. ಕತ್ತರಿ ಹಾಕುವ ಜಾಗವನ್ನು ನಾವೇ ಹುಡುಕಬೇಕು. ಪ್ರತ್ಯಯವೇ ಕೀಲು ಅಂತ ಇಟ್ಟುಕೊಳ್ಳಿ.

ಒಂದು ಉದಾಹರಣೆ, ನಾನೇ ಕಟ್ಟಿದ್ದು: ‘ವಾರದ ನಡುವೆ ನಮ್ಮ ಮೊದಲ ಕೋತಿ (3)’. ಓದಿದರೆ ಬುಧವಾರ ಕೋತಿ ಕಂಡ ಹಾಗಿದೆ. ಪ್ರತ್ಯಯ ಬಿಡಿಸಿ: ‘ವಾರ’ದ ನಡುವೆ, ‘ನಮ್ಮ’ ಎಂಬುದರ ಮೊದಲನೆಯದು, ಅಂದರೆ ‘ನ’. ವಾ-ನ-ರ. ಕೋತಿ. ಇಲ್ಲಿ ‘ವಾರದ’ ಎಂಬುದನ್ನು ಇಡಿಯಾಗಿ ಹಿಡಿದುಕೊಂಡರೆ ಎಂದಿಗೂ ಬಿಡಿಸಲಾಗದು.

ಈಗ ‘ಮದನ’ನ ‘ಚೆಲ್ಲಾಟ’ಕ್ಕೆ ಕಡಿವಾಣ. ಚೆಲ್ಲಾಟ ಅಂದರೆ ಅಕ್ಷರಗಳು ಚೆಲ್ಲಾಪಿಲ್ಲಿ ಎಂಬ ಸೂಚನೆ. ಮ-ದ-ನ ಅದಲುಬದಲಾದರೆ ದ-ಮ-ನ. ಮದನನನ್ನು ಹತ್ತಿಕ್ಕುವ ಪದ ಮದನನ ಅಕ್ಷರಗಳಲ್ಲೇ ಸಿಗುವುದು, ಕಟ್ಟಿದವರಿಗೆ ನನ್ನ ನಮಸ್ಕಾರ.

ಚೌಕಾಸಿ:

ನಮಸ್ಕಾರ ಆಮೇಲೆ ಮಾಡಿ ಮಾರಾಯ್ರೆ. ಕಡಿವಾಣ ಅಂದ್ರೆ ನಿಯಂತ್ರಣ, ಹಿಡಿತ. ದಮನ ಅಂದ್ರೆ ತುಳಿಯೋದು, ಅಡಗಿಸೋದು. ಎರಡೂ ಒಂದೇ ಹೇಗಾಗುತ್ತೆ? ಜೊತೆಗೆ ಒಂದೇ ಮೂಲೆಯಲ್ಲಿ ‘ಹಾರ’ ಎರಡು ಸಲ, ‘ಕಾಡು’ ಎರಡು ಸಲ. ಕಟ್ಟಿದವರ ಹತ್ರ ಪದಗಳಿಗೆ ಬರ ಬಂದಿತ್ತಾ?

ಹಳೇಪೆನ್ಸಿಲ್:

ಎರಡನೇ ದೂರು ನ್ಯಾಯವಾದದ್ದು. ಒಂದೇ ಪದಬಂಧದಲ್ಲಿ ಅದೇ ತುಂಡನ್ನು ಮತ್ತೆ ಬಳಸುವುದು ಸೋಮಾರಿತನ. ಮೊದಲನೆಯದನ್ನು ಒಪ್ಪುವುದಿಲ್ಲ. ಇಂದ್ರಿಯ ದಮನ ಎನ್ನುವಾಗ ಇಂದ್ರಿಯಗಳನ್ನು ಹಿಡಿತದಲ್ಲಿಡುವುದು ಎಂದೇ ಅರ್ಥ, ಯಾರೂ ಅವುಗಳ ಮೇಲೆ ಕಾಲಿಟ್ಟು ತುಳಿಯುವುದಿಲ್ಲ.

ಇಂಗ್ಲೆಂಡಿನ ‘ಅಬ್ಸರ್ವರ್’ ಪತ್ರಿಕೆಗೆ 1939ರಿಂದ ‘ಕ್ಸಿಮೆನೀಸ್’ ಎಂಬ ಗುಪ್ತನಾಮದಲ್ಲಿ ಪದಬಂಧ ಕಟ್ಟಿದ ಡಿ. ಎಸ್. ಮ್ಯಾಕ್‌ನಟ್ ಒಂದು ಅಳತೆಗೋಲು ಇಟ್ಟಿದ್ದರು: ಸುಳಿವಿನಲ್ಲಿ ನಿಖರವಾದ ಅರ್ಥ ಇರಬೇಕು, ನ್ಯಾಯವಾದ ಅಕ್ಷರದಾಟ ಇರಬೇಕು, ಇವೆರಡು ಬಿಟ್ಟು ಮತ್ತೇನೂ ಇರಬಾರದು. ಮೂರನೆಯದನ್ನು ಬಿಡಿಸುವವರು ಉಲ್ಟಾ ಬಳಸಿಕೊಳ್ಳಬಹುದು. ಮತ್ತೇನೂ ಇರಬಾರದು ಎಂದರೆ, ನಿಮ್ಮ ಉತ್ತರದಲ್ಲಿ ಸುಳಿವಿನ ಯಾವುದಾದರೂ ಪದ ಕೆಲಸವಿಲ್ಲದೆ ನಿಂತಿದ್ದರೆ ಉತ್ತರವನ್ನೇ ಅನುಮಾನಿಸಿ. ಮೇಲೆ ‘ಅನಿಲ’ ಸಿಕ್ಕಿಬಿದ್ದದ್ದು ಹಾಗೇ.

ಖಾಲಿಚೌಕ:

18 ಕೆಳಕ್ಕೆ ಈಗ ‘_ _ ನ’. ‘ಕಲಕಿದರೂ’ ಕೂಡ ಅದಲುಬದಲಿನ ಸೂಚನೆ ಅಲ್ಲವೇ? ಮಾನಸದಿಂದ ‘ಸಮಾನ’. ಒಂದೇ ತೆರನಾದದ್ದು. ಮೊದಲು ‘ನಾಮಸ’, ‘ಸನಾಮ’ ಎಂದೆಲ್ಲ ಮಾಡುತ್ತಿದ್ದೆ.

ಹಳೇಪೆನ್ಸಿಲ್:

ಸರಿ. ‘ಸನಾಮ’ ಆಗದು, ಏಕೆಂದರೆ ‘ಮಾ’ದಿಂದ ದೀರ್ಘ ಕಿತ್ತು ‘ನ’ಕ್ಕೆ ಹಚ್ಚುವಂತಿಲ್ಲ. ಚೌಕದಲ್ಲಿ ಕೂತ ಅಕ್ಷರ ಗುಣಿತ, ಒತ್ತು, ಸೊನ್ನೆ ಸಮೇತ ಇಡಿಯಾಗಿ ಓಡಾಡಬೇಕು. ತಿರುಗಿಸುವಾಗಲೂ ಇದೇ ಲೆಕ್ಕ: ‘ಕಪಿ’ ತಿರುಗಿದರೆ ‘ಪಿಕ’, ಕೋಗಿಲೆ. ಗುಡಿಸು ‘ಪ’ದ ಜೊತೆಗೇ ಬಂತು ನೋಡಿ.

ಇಷ್ಟು ಹೇಳಿದ ಮೇಲೆ 17ನ್ನು ನೀವೇ ಬಿಡಿಸಬೇಕು. ‘ನ _ ರ ಸ’ ಆಗಿದೆ. ಹಾರ, ಕಾಡು, ಹಿಂದಿರುಗು.

ಖಾಲಿಚೌಕ:

ಹಾರ = ಸರ, ಕಾಡು = ವನ. ಸರವನ. ಹಿಂದಿನಿಂದ ಓದಿದರೆ... ನ-ವ-ರ-ಸ. ನವರಸ! ನಗು, ಅಳು ಎಲ್ಲವೂ!

ಇದನ್ನು ಯಾರು ಕಟ್ಟಿದ್ದು ಸ್ವಾಮಿ? ನಾನು ಪೂರ್ತಿ ಹೊತ್ತು ವನವಾಸ ಮುಗಿಸಿ ಬಂದವರ ಕಥೆ ಯೋಚಿಸುತ್ತಿದ್ದೆ. ರಾಮ, ಪಾಂಡವರು, ಎಲ್ಲರೂ ಬಂದು ಹೋದರು.

ಹಳೇಪೆನ್ಸಿಲ್:

ಮೇಲ್ನೋಟದ ಕಥೆ ಇರುವುದೇ ಅದಕ್ಕೆ. ಕಥೆಯನ್ನು ಒಡೆಯುವುದಕ್ಕೆ ನಾನು ಮಾಡುವುದು ಇಷ್ಟು: ಸುಳಿವನ್ನು ವಾಕ್ಯವಾಗಿ ಓದದೆ, ಒಂದೊಂದು ಪದವನ್ನೂ ಒಂದೊಂದು ಸಾಲಿನಲ್ಲಿ ಬರೆದು, ಪ್ರತ್ಯಯಗಳನ್ನು ಪಕ್ಕಕ್ಕೆ ಸರಿಸಿ ನೋಡುತ್ತೇನೆ. ‘ಹೊತ್ತು’, ‘ಹಿಂದಿರುಗು’, ‘ಕಲಕು’, ‘ಅಡಗು’ ಮುಂತಾದ ಕ್ರಿಯಾಪದಗಳ ಮೇಲೆ ಮೊದಲು ಕಣ್ಣಿಡಿ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ತನಗೆ ಬೇಕಾದದ್ದರ ನಂತರ ಬರುತ್ತದೆ, ಹಾಗಾಗಿ ಸೂಚನೆ ಯಾವುದರ ಮೇಲೆ ಕೆಲಸ ಮಾಡುತ್ತಿದೆ ಎಂಬುದು ಸಾಮಾನ್ಯವಾಗಿ ಅದರ ಎಡಗಡೆಗೇ ಸಿಗುತ್ತದೆ. ಇಲ್ಲಿ ‘ಹಿಂದಿರುಗಿದಾಗ’ದ ಎಡಗಡೆ ಹಾರ-ಕಾಡು, ಬಲಗಡೆ ಅರ್ಥ.

ಚೌಕಾಸಿ:

ಇದು ಚೆನ್ನಾಗಿದೆ, ಒಪ್ಪಿಕೊಂಡೆ. ಆದರೂ ಒಂದು ಮಾತು: ಭರತನ ನಾಟ್ಯಶಾಸ್ತ್ರ ಎಣಿಸೋದು ಎಂಟು ರಸ, ಶಾಂತ ಸೇರಿ ಒಂಬತ್ತಾಗಿದ್ದು ಆಮೇಲೆ.

ಹಳೇಪೆನ್ಸಿಲ್:

ಚೌಕ ನಾಲ್ಕೇ ಇರುವಾಗ ಭರತನ ಜೊತೆ ಜಗಳ ಯಾಕೆ ಬಿಡಿ.

ಖಾಲಿಚೌಕ:

ಉಳಿದದ್ದು 20 ಕೆಳಕ್ಕೆ. ‘ದ _’. ಸಪ್ತಸ್ವರದ ಬಾಲ ಅಂದರೆ ಕೊನೆಯ ಎರಡು, ‘ದನಿ’. ಉತ್ತರ ಬಂತು, ಆದರೆ ಇಲ್ಲಿ ಅರ್ಥದ ತುಂಡು ಯಾವುದು? ‘ಕೇಳುವುದು’ ಅಷ್ಟೆಯೇ?

ಶ್ರುತಿಪೆಟ್ಟಿಗೆ:

ನನ್ನ ತಕರಾರು ಬೇರೆ. ಆರನೇ ಸ್ವರ ಧೈವತ, ಮಹಾಪ್ರಾಣ. ಹಾಗಾದ್ರೆ ಬಾಲದಲ್ಲಿ ಸಿಗೋದು ‘ಧನಿ’, ಅಂದ್ರೆ ದುಡ್ಡಿರೋನು!

ಹಳೇಪೆನ್ಸಿಲ್:

ಖಾಲಿಚೌಕ ಅವರೇ, ಇದು ವಿಶೇಷ ಜಾತಿಯ ಸುಳಿವು. ಇದರಲ್ಲಿ ಎರಡು ತುಂಡು ಬೇರೆಬೇರೆ ಇರುವುದಿಲ್ಲ. ಇಡೀ ವಾಕ್ಯ ಒಮ್ಮೆ ಅಕ್ಷರದಾಟವಾಗಿ ಓದಿಸಿಕೊಳ್ಳುತ್ತದೆ, ಅದೇ ವಾಕ್ಯ ಇನ್ನೊಮ್ಮೆ ಅರ್ಥವಾಗಿ ನಿಲ್ಲುತ್ತದೆ. ಸ್ವರಗಳ ಕೊನೆಯಲ್ಲಿ ಕಿವಿಗೆ ಬೀಳುವುದು ದನಿಯೇ ತಾನೆ? ಕಟ್ಟುವುದು ಬಹಳ ಕಷ್ಟ, ಹಾಗಾಗಿ ಒಂದು ಪದಬಂಧದಲ್ಲಿ ಇಂಥದ್ದು ಒಂದು ಸಿಕ್ಕರೆ ಹೆಚ್ಚು. ಅರ್ಥದ ತುಂಡು ಎಲ್ಲೂ ಬೇರ್ಪಡುತ್ತಿಲ್ಲ ಅನ್ನಿಸಿದಾಗ ಈ ಜಾತಿಯೇ ಇರಬಹುದೆಂದು ನೋಡಿ.

ಶ್ರುತಿಪೆಟ್ಟಿಗೆಯವರಿಗೆ: ಹೆಸರು ಧೈವತ, ನಿಜ. ಆದರೆ ಸ್ವರ ಹಾಕಿ ಬರೆಯುವಾಗ ನೀವು ಏನು ಬರೆಯುತ್ತೀರಿ?

ಶ್ರುತಿಪೆಟ್ಟಿಗೆ:

‘ಸ ರಿ ಗ ಮ ಪ ದ ನಿ’ ಅಂತಲೇ ಬರೀತೀವಿ. ಹಾಡೋದೂ ‘ದ’ ಅಂತಲೇ. ಆದರೂ ಸುಳಿವಿನಲ್ಲಿ ಅದನ್ನು ಖಚಿತಪಡಿಸೋದು ಏನೂ ಇಲ್ಲವಲ್ಲ.

ಹಳೇಪೆನ್ಸಿಲ್:

ಸುಳಿವಿನಲ್ಲಿಲ್ಲ, ಚೌಕದಲ್ಲಿದೆ. 20 ಅಡ್ಡ ಮತ್ತು 20 ಕೆಳಕ್ಕೆ ಎರಡೂ ಒಂದೇ ಚೌಕದಿಂದ ಹೊರಡುತ್ತವೆ. ಅಡ್ಡ ‘ದಮನ’, ಅದರ ಅಕ್ಷರಗಳು ‘ಮದನ’ದಿಂದ ಬಂದವು, ಅಲ್ಲಿ ಮಹಾಪ್ರಾಣಕ್ಕೆ ಜಾಗವೇ ಇಲ್ಲ. ಇಂಥ ಕಡೆ ಅಡ್ಡ-ಕೆಳಕ್ಕೆ ಹೊಂದಾಣಿಕೆಯನ್ನು ನಂಬಬಹುದು, ಏಕೆಂದರೆ ಒಂದು ಉತ್ತರ ತನ್ನ ಸುಳಿವಿನಿಂದಲೇ ಪೂರ್ತಿ ನಿಂತಿದೆ. ‘ಅನಿಲ’-‘ಅವಸರ’ ಜೋಡಿಯಲ್ಲಿ ಎರಡೂ ಒಂದನ್ನೊಂದು ಆತುಕೊಂಡಿದ್ದವೇ ಹೊರತು ಸ್ವಂತ ಕಾಲು ಯಾವುದಕ್ಕೂ ಇರಲಿಲ್ಲ.

ಶ್ರುತಿಪೆಟ್ಟಿಗೆ:

ಸರಿ, ‘ದನಿ’ಗೆ ನನ್ನ ಅಭ್ಯಂತರ ಇಲ್ಲ.

ಖಾಲಿಚೌಕ:

ಮೂಲೆ ತುಂಬಿತು: ಅಡ್ಡ ಪರಿಸರ, ನವರಸ, ದಮನ, ಕೆಳಕ್ಕೆ ಪವನ, ಸಮರ, ಸಮಾನ, ದನಿ. ಮೂವರಿಗೂ ಧನ್ಯವಾದ. ಮೇಲಿನ ಅರ್ಧದಲ್ಲೂ ಬರೀ ಅರ್ಥ ನೋಡಿ ಬರೆದ ಉತ್ತರಗಳು ಕೆಲವಿವೆ. ‘ಎಚ್ಚರಾಗು, ವಾರ ಮುಗಿಯಿತು (2)’ ಎಂಬುದಕ್ಕೆ ‘ಏಳು’ ಎಂದು ಬರೆದಿದ್ದೇನೆ, ಅದರಲ್ಲಿ ಅಕ್ಷರದಾಟವೇ ಕಾಣುತ್ತಿಲ್ಲ. ಅಳಿಸಬೇಕೇ?

ಚೌಕಾಸಿ:

ಬೇಡ ಬೇಡ, ಅದು ಸರಿಯಾಗೇ ಇದೆ. ಅಲ್ಲಿ ಎರಡೂ ತುಂಡು ಅರ್ಥಗಳೇ. ‘ಎಚ್ಚರಾಗು’ ಒಂದು ಏಳು, ವಾರ ಮುಗಿಯೋಕೆ ಬೇಕಾದ ದಿನಗಳು ಇನ್ನೊಂದು ಏಳು. ಎರಡನೇ ಅರ್ಥ ಸ್ವಲ್ಪ ಸಡಿಲ ಅಂತ ನಾನು ಜಗಳ ಆಡಬಹುದಿತ್ತು, ಈ ಸಲ ಬಿಟ್ಟಿದ್ದೀನಿ.