ಪದಚರ್ಚೆ: ಮಲಯಾಳದ ‘ನಿಯಮ’ವನ್ನು ಕನ್ನಡದಲ್ಲಿ ‘ನಿಯಮ’ ಅಂತಲೇ ಬರೆಯಬಹುದೇ?

ಬಳಗದ ಎಲ್ಲರಿಗೂ ಕಾಸರಗೋಡಿನಿಂದ ನಮಸ್ಕಾರ.

ನಮ್ಮ ಊರಿನ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಸಭೆಗೆ ಮಾಹಿತಿ ಹಕ್ಕಿನ ಬಗ್ಗೆ ಒಂದು ಕರಪತ್ರ ಬೇಕಿತ್ತು. ಮಲಯಾಳದಲ್ಲಿದ್ದದ್ದನ್ನು ಕನ್ನಡಕ್ಕೆ ತಂದ ಕರಡು ನನ್ನ ಕೈಗೆ ಬಂತು. ಅದರ ತಲೆಬರಹ ‘ಮಾಹಿತಿ ಹಕ್ಕು ನಿಯಮ 2005’. ಮಂಗಳೂರಿನ ಸ್ನೇಹಿತರೊಬ್ಬರು ಅದನ್ನು ಓದಿ, “ನಿಯಮ ಸರಿ, ಕಾಯಿದೆ ಯಾವುದು?” ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ.

ಮಲಯಾಳದಲ್ಲಿ ‘ನಿಯಮಂ’ ಅಂದರೆ ಸಂಸತ್ತೋ ವಿಧಾನಸಭೆಯೋ ಪಾಸು ಮಾಡಿದ ಕಾಯಿದೆ. ವಿಧಾನಸಭೆಗೆ ‘ನಿಯಮಸಭೆ’ ಅನ್ನುವುದೂ ಅದಕ್ಕೇ. ಕಾಯಿದೆಯ ಅಡಿಯಲ್ಲಿ ಸರ್ಕಾರ ಮಾಡುವ ರೂಲ್ಸಿಗೆ ಅವರಲ್ಲಿ ‘ಚಟ್ಟಂ’ ಎಂಬ ಬೇರೆ ಪದ ಇದೆ. ಕನ್ನಡದಲ್ಲಿ ಆ ರೂಲ್ಸೇ ‘ನಿಯಮ’. ಹಾಗಾಗಿ ಪದವನ್ನು ಇದ್ದ ಹಾಗೆ ಎತ್ತಿಕೊಂಡರೆ ಕಾಯಿದೆ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ‘ಚಟ್ಟ’ ಅಂತೂ ಕನ್ನಡದಲ್ಲಿ ಹೆಣ ಹೊರುವ ಚಟ್ಟ. ಅದನ್ನು ಯಾರೂ ತರುವುದಿಲ್ಲ. ಆಗ ರೂಲ್ಸಿಗೂ ‘ನಿಯಮ’ ಅನ್ನಬೇಕಾಗುತ್ತದೆ, ಎರಡೂ ಕಲಸಿಹೋಗುತ್ತವೆ.

ಅರ್ಥ ಹೇಗೂ ಆಗುತ್ತಲ್ವಾ, ಬಿಡಿ ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಈ ಕರಪತ್ರವನ್ನೇ ನೋಡಿ. ಅರ್ಜಿ ಕೊಟ್ಟ 30 ದಿನದೊಳಗೆ ಉತ್ತರ ಬರಬೇಕು ಎಂಬುದು ಕಾಯಿದೆಯ ಮಾತು. ಅದನ್ನು ಬದಲಿಸಲು ಸಂಸತ್ತೇ ಬೇಕು. ಅರ್ಜಿಯ ಜೊತೆ ಕಟ್ಟುವ 10 ರೂಪಾಯಿ ಶುಲ್ಕ ರೂಲ್ಸಿನಲ್ಲಿ ಬಂದದ್ದು. ಅದನ್ನು ನಿಗದಿ ಮಾಡುವ ಅಧಿಕಾರವನ್ನು ಕಾಯಿದೆಯ 27ನೇ ಕಲಂ ಸರ್ಕಾರಕ್ಕೆ ಕೊಟ್ಟಿದೆ. ಹಾಗೆ ಮಾಡಿದ ರೂಲ್ಸನ್ನು ಸದನದ ಮುಂದೆ ಇಡಬೇಕು ಎಂದು 29ನೇ ಕಲಂ ಹೇಳುತ್ತದೆ. ಆಫೀಸಿನಲ್ಲಿ ಯಾರಾದರೂ “ನಿಯಮ ಬದಲಾಗಿದೆ, ಈಗ ಉತ್ತರಕ್ಕೆ ಎರಡು ತಿಂಗಳು” ಎಂದರೆ ಏನು ಮಾಡುವುದು? ಯಾವುದು ಕಾಯಿದೆ, ಯಾವುದು ರೂಲ್ಸು ಎಂದು ಗೊತ್ತಿರುವವರು ಮಾತ್ರ “ಅದು ಹಾಗೆ ಬದಲಾಗುವುದಿಲ್ಲ” ಎಂದು ಹೇಳಬಲ್ಲರು. ರೂಲ್ಸು ತನ್ನ ಕಾಯಿದೆಯನ್ನು ಮೀರುವ ಹಾಗಿಲ್ಲ. ಮೀರಿದರೆ ಕೋರ್ಟು ಅದನ್ನು ರದ್ದು ಮಾಡುತ್ತದೆ. ಜನರು ಆರಿಸಿದ ಸಭೆ ಮೇಲೆ, ಅದು ಕೊಟ್ಟಷ್ಟೇ ಅಧಿಕಾರದಲ್ಲಿ ಸರ್ಕಾರ ಕೆಳಗೆ. ಈ ವ್ಯತ್ಯಾಸ ಕನ್ನಡ ಓದುವವರಿಗೂ ಕಾಣಬೇಕು.

ಇದನ್ನು ಹೇಳುವಾಗ ನಮ್ಮ ಪಕ್ಕದ ಎಡನೀರು ನೆನಪಾಗದೆ ಇರುವುದಿಲ್ಲ. ಮಠದ ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಕೇರಳದ ಭೂಸುಧಾರಣಾ ಕಾಯಿದೆಯ ವಿರುದ್ಧ. ಮಲಯಾಳದಲ್ಲಿ ಅದು ‘ಭೂಪರಿಷ್ಕರಣ ನಿಯಮಂ’. ಅದು ಬರೀ ರೂಲ್ಸಾಗಿದ್ದರೆ ಕಾಯಿದೆಯನ್ನು ಮೀರಿದೆಯೇ ಎಂದು ನೋಡಿದರೂ ಸಾಕಾಗಬಹುದಿತ್ತು. ಕಾಯಿದೆಯಾದ್ದರಿಂದ ಅದನ್ನು ಸಂವಿಧಾನಕ್ಕೇ ಹೋಲಿಸಿ ನೋಡಬೇಕಾಯಿತು. ಅಷ್ಟರಲ್ಲಿ ಸಂವಿಧಾನಕ್ಕೇ ತಿದ್ದುಪಡಿಗಳು ಬಂದವು. 1972ರ 29ನೇ ತಿದ್ದುಪಡಿ ಆ ಭೂಕಾಯಿದೆಗೆ ಆದ ಬದಲಾವಣೆಗಳನ್ನು ಸಂವಿಧಾನದ ಒಂಬತ್ತನೇ ಅನುಸೂಚಿಗೆ, ಅಂದರೆ ಮೂಲಭೂತ ಹಕ್ಕುಗಳ ಹೆಸರಿನಲ್ಲಿ ಪ್ರಶ್ನಿಸಲಾಗದಂತೆ ಕಾಪಾಡಲು ಮಾಡಿದ ಕಾಯಿದೆಗಳ ಪಟ್ಟಿಗೆ, ಸೇರಿಸಿತು. ಆಗ ಇನ್ನೂ ಮೇಲಿನ ಪ್ರಶ್ನೆ ಎದ್ದಿತು. ತಿದ್ದುಪಡಿಯನ್ನು ಯಾವುದರಿಂದ ಅಳೆಯುವುದು? 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ ಉತ್ತರ ಕೊಟ್ಟಿತು. ಸಂವಿಧಾನದ ಯಾವ ಭಾಗವನ್ನಾದರೂ ಸಂಸತ್ತು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ. ಆದರೂ 29ನೇ ತಿದ್ದುಪಡಿ ಉಳಿಯಿತು. ರೂಲ್ಸು, ಕಾಯಿದೆ, ತಿದ್ದುಪಡಿ ಮೂರಕ್ಕೂ ಬೇರೆ ಬೇರೆ ಪರೀಕ್ಷೆ. ನಮ್ಮ ನೆಲದಿಂದಲೇ ಹೋದ ಮೊಕದ್ದಮೆ ಇದನ್ನು ಇಷ್ಟು ಚೆನ್ನಾಗಿ ತೋರಿಸಿದ ಮೇಲೆ, ಎರಡಕ್ಕೆ ಒಂದೇ ಹೆಸರಿಟ್ಟು ಕಲಸುವುದು ಬೇಡ ಅಂತ ನನಗೆ ಬಲವಾಗಿ ಅನಿಸುತ್ತದೆ.

ಹಾಗಾದರೆ ಏನು ಬರೆಯುವುದು? ಕರ್ನಾಟಕ ಸರ್ಕಾರದ ಕಡತಗಳಲ್ಲಿ ‘ಅಧಿನಿಯಮ’ ಇದೆ. ಅರ್ಥ ಖಚಿತ. ಆದರೆ ‘ಅಧಿ’ ಒಂದೇ ಅದನ್ನು ‘ನಿಯಮ’ದಿಂದ ಬೇರೆ ಮಾಡುತ್ತದೆ. ಇಲ್ಲಿ ಮಲಯಾಳ ಕೇಳಿ ಕೇಳಿ ಅಭ್ಯಾಸವಾದವರ ಬಾಯಲ್ಲಿ ಆ ‘ಅಧಿ’ ಬೇಗ ಬಿದ್ದುಹೋಗುತ್ತದೆ. ‘ಶಾಸನ’ ಅಂದರೆ ಎಷ್ಟೋ ಜನರಿಗೆ ಮೊದಲು ಕಾಣುವುದು ಕಲ್ಬರಹ. ‘ಕಾನೂನು’ ಜಾಸ್ತಿ ಅಗಲವಾಯಿತು. ಸಂವಿಧಾನದ 13ನೇ ಅನುಚ್ಛೇದ ನೋಡಿದರೆ ರೂಲ್ಸು, ಅಧಿಸೂಚನೆ, ಕೆಲವು ರೂಢಿಗಳು ಕೂಡ ಕಾನೂನೇ. ಹಾಗಾಗಿ ‘ಕಾಯಿದೆ’ಯೇ ಸರಿ ಎಂದು ನನ್ನ ಅಭಿಪ್ರಾಯ. ಅರಬ್ಬಿಯಲ್ಲಿ ಆ ಪದಕ್ಕೂ ‘ನಿಯಮ’ ಎಂಬ ಅರ್ಥವೇ ಇದೆ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಕನ್ನಡದಲ್ಲಿ ಅದು ನೆಲೆ ನಿಂತದ್ದು ಸಂಸತ್ತೋ ವಿಧಾನಸಭೆಯೋ ಪಾಸು ಮಾಡಿದ್ದು ಎಂಬ ಅರ್ಥದಲ್ಲಿ. ಓದು ಬರಹ ಕಡಿಮೆ ಇದ್ದವರಿಗೂ ತಿಳಿಯುತ್ತದೆ. ‘ನಿಯಮ’ವನ್ನು ರೂಲ್ಸಿಗೇ ಬಿಡೋಣ. ಗಟ್ಟಿಯಾಗಿರಲಿ ಎಂದರೆ ‘ಕಾಯಿದೆಯ ಅಡಿಯ ನಿಯಮಗಳು’ ಎಂದು ಬರೆಯಬಹುದು.

ಇನ್ನೊಂದು ಪದವೂ ಹೀಗೆಯೇ ಕಾಲಿಗೆ ತೊಡರುತ್ತದೆ. ‘ವಿಧಿ’ ಅಂದರೆ ನಮಗೆ ಸಂವಿಧಾನದ ಅನುಚ್ಛೇದ, ಮಲಯಾಳದಲ್ಲಿ ಕೋರ್ಟಿನ ತೀರ್ಪು. ಅದಕ್ಕೇ ಇಲ್ಲಿಯ ಬರಹಗಳಲ್ಲಿ ‘ವಿಧಿ’ ಬಿಟ್ಟು ‘ಅನುಚ್ಛೇದ’ ಎಂದೇ ಬರೆಯುವುದು ಒಳ್ಳೆಯದು ಎಂದು ನನಗೆ ತೋರುತ್ತದೆ.

ಈಗ ನಿಮ್ಮನ್ನು ಕೇಳಬೇಕಾದ್ದು. ಅಕ್ಕಲಕೋಟೆ, ಜತ್ತದ ಕಡೆಯವರೇ, ಮರಾಠಿಯಲ್ಲಿ ಸಂವಿಧಾನಕ್ಕೆ ‘ರಾಜ್ಯಘಟನಾ’, ‘ಘಟನಾ’ ಅನ್ನುತ್ತಾರಲ್ಲ, ನಿಮ್ಮ ಕನ್ನಡ ಬರಹದಲ್ಲೂ ಅದು ನುಸುಳಿದೆಯೇ? ಇಲ್ಲಿ ಮಲಯಾಳದ ‘ಭರಣಘಟನಾ’ ಮಾತಿನಲ್ಲಿ ಆಗಾಗ ಬರುತ್ತದೆ. ತಾಳವಾಡಿ, ಹೊಸೂರಿನವರೇ, ತಮಿಳಿನ ‘ಚಟ್ಟಂ’ ಕಾಯಿದೆಯೇ ಆಗುವುದರಿಂದ ನಿಮಗೆ ತೊಡಕು ಬೇರೆ ರೀತಿಯದು ಇರಬೇಕು. ನಿಮ್ಮಲ್ಲಿ ಕನ್ನಡ ನೋಟೀಸು ಬರೆಯುವವರು ಏನು ಬಳಸುತ್ತಾರೆ? ಮತ್ತೆ, ‘ನಿಯಮಸಭೆ’ಯನ್ನು ಹೆಸರು ಎಂದು ಹಾಗೇ ಇಟ್ಟುಕೊಳ್ಳಬೇಕೇ, ‘ಕೇರಳ ವಿಧಾನಸಭೆ’ ಎಂದೇ ಬರೆಯಬೇಕೇ? ಕರಪತ್ರ ಅಚ್ಚಿಗೆ ಹೋಗುವ ಮೊದಲು ನಿಮ್ಮ ಉತ್ತರ ಸಿಕ್ಕಿದರೆ ತಿದ್ದಿಕೊಳ್ಳುತ್ತೇವೆ.