ಓಡೋನು ಕಿಪ್ಚೊಗೆ, ಓಡಿಸೋದು ಬಾಟ್ಲಿ

ಸೀನ: ಮ್ಯಾರಥಾನ್ ಅಂದ್ರೆ ಏನು ಮಹಾ? ಎರಡು ಕಾಲು, ಒಂದು ರಸ್ತೆ.

ಮೇಷ್ಟ್ರು: ಕೂತ್ಕೊಂಡು ಹೇಳೋದು ಸುಲಭ. ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೊಗೆ 2022ರ ಬರ್ಲಿನ್ ಮ್ಯಾರಥಾನ್ ಮುಗಿಸಿದ್ದು 2 ಗಂಟೆ 1 ನಿಮಿಷ 9 ಸೆಕೆಂಡಿಗೆ. ಅಂದ್ರೆ ನೂರು ಮೀಟರಿಗೆ 17 ಸೆಕೆಂಡು ಚಿಲ್ಲರೆ. ಅಂಥ ನೂರು 421 ಸಲ, ಮೇಲೆ 95 ಮೀಟರ್ ಕೊಸರು.

ಸೀನ: ಬಸ್ ಹೊರಟಾಗ ನಾನೂ ಓಡ್ತೀನಿ ಮೇಷ್ಟ್ರೇ. ಕೊಸರು ಬಿಟ್ಟು.

ನಾಣಿ: ಅವನು ಮೊದಲು ಟ್ರ್ಯಾಕಿನವನು ಕಣೋ. 2003ರಲ್ಲಿ ಪ್ಯಾರಿಸ್‌ನಲ್ಲಿ 5,000 ಮೀಟರ್ ವಿಶ್ವ ಚಾಂಪಿಯನ್, ಎಲ್ ಗೆರೂಜ್, ಬೆಕೆಲೆ ಅನ್ನೋ ಇಬ್ಬರು ಘಟಾನುಘಟಿ ಓಟಗಾರರನ್ನೂ ಹಿಂದೆ ಹಾಕಿ. ವಯಸ್ಸು ಹದಿನೆಂಟು. 2012ರ ಲಂಡನ್ ಒಲಿಂಪಿಕ್ಸಿಗೆ ಕೀನ್ಯಾ ತಂಡದಲ್ಲಿ ಜಾಗ ಸಿಗಲಿಲ್ಲ, ಬೀದಿಗೆ ಬಿದ್ದ.

ಸೀನ: ಅಯ್ಯೋ ಪಾಪ!

ನಾಣಿ: ಓಡೋಕೆ ಬಿದ್ದ ಮಾರಾಯ. ಮರುವರ್ಷ ಹ್ಯಾಂಬರ್ಗ್‌ನಲ್ಲಿ ಮೊದಲ ಮ್ಯಾರಥಾನೇ ಗೆದ್ದ. ಆಮೇಲೆ ರಿಯೊ, ಸಪ್ಪೊರೊ (ಟೋಕಿಯೊ ಒಲಿಂಪಿಕ್ಸಿನ ಮ್ಯಾರಥಾನ್ ನಡೆದಿದ್ದು ಅಲ್ಲೇ), ಎರಡು ಒಲಿಂಪಿಕ್ ಚಿನ್ನ.

ಮೇಷ್ಟ್ರು: ಅಂಥವನ ಜುಟ್ಟೂ ಬಾಟ್ಲಿ ಕೈಲಿ. ಮೈಯಲ್ಲಿ ಕೂಡಿಟ್ಟ ಸಕ್ಕರೆ, ಅಂದ್ರೆ ಗ್ಲೈಕೋಜನ್, ಸುಮಾರು 2,000 ಕ್ಯಾಲರಿ. ಓಟಕ್ಕೆ ಖರ್ಚು, ಕಿಲೋ ತೂಕಕ್ಕೆ ಕಿಲೋಮೀಟರಿಗೆ ಒಂದು ಕ್ಯಾಲರಿ. 55 ಕಿಲೋ ಆಳಿಗೆ ಲೆಕ್ಕ ಹಾಕು.

ಸೀನ: ಎರಡು ಸಾವಿರದ ಮುನ್ನೂರು. ತಿಂಗಳ ಕೊನೆಗೆ ನನ್ನ ಸಂಬಳದ್ದೂ ಇದೇ ಕಥೆ.

ಮೇಷ್ಟ್ರು: ಇವನಿಗೆ ತಿಂಗಳ ಕೊನೆ ಬರೋದು 30 ಕಿಲೋಮೀಟರ್ ದಾಟಿದ ಮೇಲೆ. ಅದಕ್ಕೇ ಗಣ್ಯ ಓಟಗಾರರಿಗೆ ಐದೈದು ಕಿಲೋಮೀಟರಿಗೆ ಅವರವರದೇ ಸಕ್ಕರೆ ಪಾನೀಯದ ಬಾಟ್ಲಿ. ಕರುಳು ಗಂಟೆಗೆ 60 ಗ್ರಾಂ ಗ್ಲೂಕೋಸ್ ಒಳಗೆ ಬಿಡುತ್ತೆ. ಫ್ರಕ್ಟೋಸಿಗೆ, ಅಂದ್ರೆ ಹಣ್ಣಿನ ಸಕ್ಕರೆಗೆ, ಬೇರೆ ಬಾಗಿಲು. ಎರಡೂ ಬೆರೆಸಿದ್ರೆ 90ರವರೆಗೆ ಹೋಗಬಹುದು.

ಸೀನ: ಹಾಗಾದ್ರೆ ಪಾಕ ಮಾಡ್ಕೊಂಡು ಒಂದೇ ಗುಟುಕಿಗೆ...

ನಾಣಿ: ಗಟ್ಟಿ ಪಾಕ ಇಳಿದ್ರೆ ಕರುಳು ಅದನ್ನ ತೆಳು ಮಾಡೋಕೆ ಮೈಯ ನೀರು ಎಳ್ಕೊಳ್ಳುತ್ತೆ. ಹೊಟ್ಟೆ ನುಲಿಯುತ್ತೆ. ಆಮೇಲೆ ನೀನು ಓಡೋ ದಿಕ್ಕೇ ಬೇರೆ. ಕಾಲಿಗೆ ಮಾಡಿಸಿದ ಹಾಗೆ ಹೊಟ್ಟೆಗೂ ತಾಲೀಮು ಮಾಡಿಸಬೇಕು, ಉದ್ದ ಓಟದ ದಿನಗಳಲ್ಲಿ, ಸ್ಪರ್ಧೆಯಲ್ಲಿ ಕುಡಿಯೋ ಅದೇ ಪಾನೀಯ ಕುಡಿದು.

ಮೇಷ್ಟ್ರು: ಇನ್ನು ಬಾಟ್ಲಿ ಹಿಡಿಯೋದು. ಸೆಕೆಂಡಿಗೆ ಆರು ಮೀಟರ್ ಹತ್ರ ವೇಗ, ಮೇಜಿನ ಮೇಲಿಂದ ಎತ್ಕೊಳ್ಳೋದೇ ಸರ್ಕಸ್ಸು. ಬರ್ಲಿನ್‌ನಲ್ಲಿ ಕ್ಲಾಸ್-ಹೆನ್ನಿಂಗ್ ಶುಲ್ಕೆ ಅನ್ನೋ ಸ್ವಯಂಸೇವಕ ಕೈಗೇ ಕೊಡ್ತಿದ್ದ. ಕಿಪ್ಚೊಗೆ ಹಿಡಿದಾಗಲೆಲ್ಲ ಮುಷ್ಟಿ ಎತ್ತಿ ಕುಣೀತಿದ್ದ.

ಸೀನ: ನಮ್ಮಲ್ಲಿ ಬಾಟ್ಲಿ ತಗೊಂಡೋನು ಕುಣೀತಾನೆ, ಅಲ್ಲಿ ಕೊಟ್ಟೋನು.

ನಾಣಿ: 2019ರಲ್ಲಿ ವಿಯೆನ್ನಾದಲ್ಲಿ ಬಾಟ್ಲಿ ಸೈಕಲ್ ಮೇಲೆ ಬಂತು. 1 ಗಂಟೆ 59 ನಿಮಿಷ 40 ಸೆಕೆಂಡು. ಆದ್ರೆ ಅದು ಮುಕ್ತ ಸ್ಪರ್ಧೆ ಅಲ್ಲ, 41 ಪೇಸರ್‌ಗಳು, ಅಂದ್ರೆ ಜೊತೆಗೆ ಓಡಿ ವೇಗ ಕಾಯ್ದುಕೊಡೋರು, ಸರದಿ ಮೇಲೆ ಒಳಗೆ ಹೊರಗೆ. ಹಾಗಾಗಿ ವಿಶ್ವದಾಖಲೆ ಪಟ್ಟಿಗೆ ಸೇರಲಿಲ್ಲ.

ಮೇಷ್ಟ್ರು: 2023ರ ಬಾಸ್ಟನ್‌ನಲ್ಲಿ ಪೇಸರ್ ಇಲ್ಲ, ದಾರಿ ತುಂಬ ಏರಿಳಿತ. 30 ಕಿಲೋಮೀಟರ್ ಹತ್ರ ಬಾಟ್ಲಿ ಕೈತಪ್ಪಿತು, ಎಡಗಾಲು ಕೈಕೊಡ್ತು. ಆರನೇ ಸ್ಥಾನ.

ಸೀನ: ಕಾಲೂ ಕೈಕೊಡುತ್ತಾ?

ನಾಣಿ: ಶೂನೂ ಕೊಡುತ್ತೆ. 2015ರ ಬರ್ಲಿನ್‌ನಲ್ಲಿ ಎರಡೂ ಶೂಗಳ ಒಳಅಟ್ಟೆ ಕಿತ್ತು ಹೊರಗೆ ಪಟಪಟ ಬಡೀತಿತ್ತು. ನಿಂತು ಸರಿ ಮಾಡಿದ್ರೆ ಲಯ ಕೆಡುತ್ತೆ ಅಂತ ಹಾಗೇ ಓಡಿ ಗೆದ್ದ, 2 ಗಂಟೆ 4 ನಿಮಿಷ. ಕೊನೆಗೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಓಟ ಅರ್ಧಕ್ಕೇ ಬಿಟ್ಟು, ಶೂ, ಸಾಕ್ಸು, ಅಂಗಿ ಎಲ್ಲ ಸುತ್ತಲಿದ್ದೋರಿಗೆ ಹಂಚಿಬಿಟ್ಟ.

ಸೀನ: ಬಾಟ್ಲಿ ಯಾರಿಗೆ ಕೊಟ್ಟ?