ಮುಚ್ಚಿದ ಹಳ್ಳಿಶಾಲೆಯನ್ನು ಕಲಾಕೇಂದ್ರವಾಗಿಸುವಾಗ ಮೊದಲು ಯಾವುದಕ್ಕೆ ಕೈಹಾಕಬೇಕು?

ಪ್ರಶ್ನೆ:
ಮಕ್ಕಳ ಸಂಖ್ಯೆ ಕುಗ್ಗಿ ಮುಚ್ಚಿಹೋದ ಶಾಲೆಯೊಂದನ್ನು ನಾಟಕದ ತಾಲೀಮು, ಸಂಗೀತ ಮತ್ತು ಚಿತ್ರಕಲೆಗೆ ಒದಗುವಂತೆ ರೂಪಿಸಬೇಕೆಂದು ನಾವು ಕೆಲವರು ಆಲೋಚಿಸಿದ್ದೇವೆ. ನಾಲ್ಕು ಕೊಠಡಿಗಳು, ಮುಂದೆ ಎತ್ತರದ ಜಗಲಿ, ಅದರೆದುರು ಆಟದ ಬಯಲು ಇವೆ. ಎರಡು ಕೊಠಡಿಗಳ ನಡುವಿನ ಗೋಡೆ ಒಡೆದು ಸಭಾಂಗಣ ಮಾಡಬೇಕೆಂಬುದು ಹೆಚ್ಚಿನವರ ಅಭಿಪ್ರಾಯ. ಇರುವ ಹಣವನ್ನೆಲ್ಲ ಅದಕ್ಕೇ ಸುರಿಯುವುದು ಸರಿಯೇ ಎಂಬ ಅನುಮಾನ ನನ್ನದು. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
ನಿಮ್ಮ ಅನುಮಾನ ಸಕಾರಣವಾದದ್ದು. ಹಳೆಯ ಶಾಲೆಗಳಲ್ಲಿ ಅಡ್ಡಗೋಡೆಯೇ ಅನೇಕ ವೇಳೆ ಚಾವಣಿಯ ತೊಲೆಗಳನ್ನು ಹೊತ್ತಿರುತ್ತದೆಯಾದ್ದರಿಂದ, ಎಂಜಿನಿಯರರು ಪರಿಶೀಲಿಸುವವರೆಗೆ ಅದನ್ನು ಮುಟ್ಟಬೇಡಿ. ಮೊದಲ ಖರ್ಚು ನೀರನ್ನು ತಡೆಯುವುದಕ್ಕಾಗಿರಲಿ: ಸೋರುವ ಚಾವಣಿಯನ್ನೂ ಗೋಡೆಯ ಬುಡದಲ್ಲಿ ನಿಲ್ಲುವ ಮಳೆನೀರನ್ನೂ ಸರಿಪಡಿಸದೆ ಬಣ್ಣ ಬಳಿಸಿದರೆ ಆ ಹಣ ಹೋದಂತೆಯೇ. ಮಣ್ಣಿನ ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ಸಿಮೆಂಟ್ ಗಿಲಾವು ಬೇಡ. ತೇವ ಒಳಗೇ ಉಳಿದು ಗಿಲಾವು ಕಳಚಿಬೀಳುತ್ತದೆ. ಸುಣ್ಣದ ಗಾರೆಯಾದರೆ ತೇವವನ್ನು ಹೊರಬಿಡುತ್ತದೆ. ಚಾವಣಿಗೆ ಕಲ್ನಾರಿನ (ಆಸ್‌ಬೆಸ್ಟಾಸ್) ಶೀಟುಗಳಿದ್ದರೆ ಅವುಗಳನ್ನು ನೀವೇ ಕೊರೆಯುವುದಾಗಲಿ ಒಡೆಯುವುದಾಗಲಿ ಕೂಡದು, ಏಕೆಂದರೆ ಅದರ ನಾರಿನ ಧೂಳು ಕ್ಯಾನ್ಸರ್‌ಕಾರಕ.

ಉತ್ತರ 2:
ಗೋಡೆ ಒಡೆದರೂ ಒಡೆಯದಿದ್ದರೂ ನಿಮ್ಮನ್ನು ಕಾಡುವುದು ಅನುರಣನ, ಅಂದರೆ ಸದ್ದು ನಿಂತ ಮೇಲೂ ಗೋಡೆಗಳಿಗೆ ತಾಗಿ ಕೋಣೆಯಲ್ಲಿ ಉಳಿಯುವ ಮೊಳಗು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಮಂದಿರದಲ್ಲಿ ಮಾತೇ ತಿಳಿಯದಂತಾಗಿದ್ದಾಗ, ವ್ಯಾಲೇಸ್ ಸಬೈನ್ ಎಂಬ ಭೌತವಿಜ್ಞಾನಿ ಬೇರೊಂದು ರಂಗಮಂದಿರದ ಆಸನಗಳ ಮೆತ್ತೆಗಳನ್ನು ತಂದು ಹರಡಿ, ಸದ್ದು ಎಷ್ಟು ಬೇಗ ಅಡಗುತ್ತದೆಂದು ಅಳೆಯತೊಡಗಿದರು. ಅವರ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ (ಗೋಡೆ, ನೆಲ, ವಸ್ತುಗಳೆಲ್ಲ ಸೇರಿ ಸದ್ದನ್ನು ಹೀರುವ ಪ್ರಮಾಣ, ಚದರ ಮೀಟರಿನಲ್ಲಿ) ಭಾಗಿಸಿದರೆ ಅನುರಣನದ ಅವಧಿ ಸೆಕೆಂಡುಗಳಲ್ಲಿ ಸಿಗುತ್ತದೆ. 8 ಮೀಟರ್ ಉದ್ದ, 6 ಮೀಟರ್ ಅಗಲ, 3.5 ಮೀಟರ್ ಎತ್ತರದ ಕೊಠಡಿಯ ಘನಗಾತ್ರ 168 ಘನಮೀಟರ್. ಬರಿಗೋಡೆ, ಬರಿನೆಲಗಳ ಹೀರಿಕೆ 10 ಚದರ ಮೀಟರ್ ಎಂದುಕೊಂಡರೆ ಅನುರಣನ ಸುಮಾರು 2.7 ಸೆಕೆಂಡು. ಸಂಭಾಷಣೆಗೆ 0.8 ಸೆಕೆಂಡಿನ ಆಸುಪಾಸು ಸಾಕು, ಅಂದರೆ ಹೀರಿಕೆ 34 ಚದರ ಮೀಟರಿಗೆ ಏರಬೇಕು. ಪ್ರೇಕ್ಷಕರು ಕುಳಿತಾಗ ಅದರ ಬಹುಪಾಲು ತಾನಾಗಿಯೇ ಒದಗುತ್ತದೆ. ತಾಲೀಮಿನ ಖಾಲಿ ಕೋಣೆಯೇ ನಿಜವಾದ ತೊಡಕು. ಗೋಡೆಯಿಂದ ತುಸು ಮುಂದಕ್ಕೆ ಇಳಿಬಿಟ್ಟ ದಪ್ಪ ಪರದೆಗಳು ಉತ್ತಮ: ಹಾಡುಗಾರರಿಗೆ ಸ್ವಲ್ಪ ಹೆಚ್ಚಿನ ಅನುರಣನ ಹಿತವೆನಿಸಿದಾಗ ಸರಿಸಿಬಿಡಬಹುದು.

ಉತ್ತರ 3:
ಇವೆಲ್ಲಕ್ಕೂ ಮೊದಲು ಕಾಗದಪತ್ರ ನೋಡಿ. ಶಾಲೆಗೆಂದೇ ದಾನವಾಗಿ ಬಂದ ಜಾಗವಾಗಿದ್ದರೆ ದಾನಪತ್ರದಲ್ಲಿ ಬಳಕೆಯ ಷರತ್ತು ಇರಬಹುದು. ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಚಾವಣಿಗೆ ಹಣ ಹಾಕುವುದು ಅವಿವೇಕವೆಂದೇ ನನ್ನ ಅಭಿಪ್ರಾಯ. ದೀರ್ಘಾವಧಿಯ ಗುತ್ತಿಗೆ ಕರಾರು ಆಗಲಿ, ದುರಸ್ತಿ ಯಾರ ಹೊಣೆ ಎಂಬುದು ಅದರಲ್ಲಿಯೇ ಬರಲಿ. ಜನ ಸೇರುವ ಕೊಠಡಿಗೆ ಎರಡು ಬಾಗಿಲುಗಳಿದ್ದು, ಅವು ಹೊರಕ್ಕೆ ತೆರೆಯುವಂತಿರಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಸಭಾಂಗಣವನ್ನು ಕೈಬಿಟ್ಟರೆ ಪ್ರದರ್ಶನ ಎಲ್ಲಿ ನಡೆಯಬೇಕು?

ಉತ್ತರ 1:
ಜಗಲಿ ರಂಗವಾಗಲಿ, ಬಯಲಿನಲ್ಲಿ ಪ್ರೇಕ್ಷಕರು ಕುಳಿತುಕೊಳ್ಳಲಿ. ಮಳೆಗಾಲದಲ್ಲಿ ಒಂದು ಕೊಠಡಿಯಲ್ಲಿ ಹಿಡಿಸುವಷ್ಟೇ ಜನರಿಗೆ ಎರಡು ಬಾರಿ ಆಡಿ. ಒಂದೆರಡು ವರ್ಷ ಹೀಗೆ ನಡೆದ ಮೇಲೂ ಜಾಗ ಸಾಲದೆಂದಾದರೆ, ಗೋಡೆಯ ಮಾತನ್ನು ಆಗ ಎತ್ತಬಹುದು.